ಬಳೆಗಾರ್ತಿ ನಜಮಾಳ ‘ಹೆಚ್ಚಾಗೇತಿ’

ನಮ್ಮ ಸಿಂದಗಿಯ ಹಳೆಯ ಮನೆಗಳಲ್ಲಿ ಬಳೆ ಒಡೆಯಿತು ಎನ್ನುವುದಿಲ್ಲ, ಬಳೆ ಹೆಚ್ಚಿತು ಎನ್ನುತ್ತಾರೆ. ಡಬ್ಬಿಯ ಅಕ್ಕಿ ತೀರಿದರೆ ಅದೂ ‘ಹೆಚ್ಚಾಯಿತು’; ಒಡೆಯಿತು, ತೀರಿತು, ಇಲ್ಲ ಎಂದರೆ ಅಪಶಕುನ. ಈ ಪದ್ಧತಿಯನ್ನು ಬಳೆಗಾರ್ತಿ ನಜಮಾಳಷ್ಟು ನಿಷ್ಠೆಯಿಂದ ಪಾಲಿಸಿದವರನ್ನು ನಾನು ಕಾಣೆ. ಬಳೆಯ ಬುಟ್ಟಿ ಜೊತೆಗಿರುವತನಕ ‘ಇಲ್ಲ’ ಎಂಬ ಮಾತು ಅವಳ ಬಾಯಿಂದ ಹೊರಡದು. ಕೇಳಿದ ಬಣ್ಣ ಬುಟ್ಟಿಯಲ್ಲಿ ಇರದಿದ್ದರೆ, “ಹೆಚ್ಚಾಗ್ಯಾವರಿ ಅಕ್ಕಾರ, ನಾಳಿ ತರ್ತೇನಿ” ಎಂದೇ ಉತ್ತರ.

ಗಂಡ ಮೈಬೂಬ ತೀರಿಕೊಂಡ ಮೇಲೆ ಅವಳು ಆ ಬುಟ್ಟಿ ಹೊತ್ತಳು. ಓಣಿ ಓಣಿ ತಿರುಗಿ ಹೆಣ್ಣುಮಕ್ಕಳನ್ನು ಓದಿಸಿದಳು. “ಈಗ ಬ್ಯಾಡ, ಮುಂದ ಹೋಗು” ಎಂಬ ಮಾತನ್ನು ಎಷ್ಟೋ ಬಾಗಿಲುಗಳಲ್ಲಿ ನಗುತ್ತಲೇ ಕೇಳಿಸಿಕೊಂಡಳು.

ಈ ಸಲದ ಪಂಚಮಿಗೆ ಮುಂಚೆ ಬಸ್ ನಿಲ್ದಾಣದ ಎದುರು ನಿಷತ ಎಂಬ ಹುಡುಗಿ ನಿಂತಿದ್ದಳು. ಮೈಸೂರು ಕಡೆಯವಳು. ಕೊರಳಲ್ಲಿ ಗುರುತಿನ ಚೀಟಿ, ಕೈಯಲ್ಲಿ ಕರಪತ್ರ. ಕಿವಿ ಕೇಳದ ಮಕ್ಕಳಿಗೆ ಯಂತ್ರ ಕೊಡಿಸುವ ಸಂಸ್ಥೆಯೊಂದಕ್ಕೆ ದಾರಿಹೋಕರಿಂದ ನೆರವು ಕೇಳುವುದು ಅವಳ ಕೆಲಸ. ಅವಳನ್ನು ಕಂಡೊಡನೆ ಜನರ ನಡಿಗೆ ಬಿರುಸಾಗುತ್ತಿತ್ತು. ಒಬ್ಬರು ಬಾರದ ಕರೆಗೆ ಫೋನು ಕಿವಿಗೆ ಹಚ್ಚಿದರು. “ಬಸ್ಸು ಬಿಡತೈತಿ ತಂಗಿ” ಎಂದು ಓಡಿದವರು ಎದುರಿನ ಹೋಟೆಲಿನಲ್ಲಿ ಚಹಾ ಕುಡಿಯುತ್ತ ಕುಳಿತರು. ಕೆಟ್ಟವರೇನಲ್ಲ; ನಿಂತು ಕೇಳಿದ ಮೇಲೆ ಒಲ್ಲೆನೆನ್ನುವುದು ಹೇಗೆಂಬ ಸಂಕೋಚ ಅಷ್ಟೆ. ಆದರೆ ಆ ದಿನ ಒಬ್ಬರಾದರೂ ದೇಣಿಗೆದಾರರಾಗಿ ಸೇರದಿದ್ದರೆ ನಾಳೆಯಿಂದ ಬರಬೇಡವೆಂದು ಮೇಲಿನವರು ನಿಷತಳಿಗೆ ಹೇಳಿಬಿಟ್ಟಿದ್ದರು.

ಹಬ್ಬಕ್ಕೆಂದು ವಿಜಯಪುರದಲ್ಲಿ ಬಳೆ ಕೊಂಡು, ಹಣದ ಚೀಲ ಬರಿದು ಮಾಡಿಕೊಂಡು ನಜಮಾ ಬಸ್ಸಿನಿಂದ ಇಳಿದಳು.

“ಅಮ್ಮಾ, ಎರಡೇ ನಿಮಿಷ ಮಾತಾಡ್ಲಾ?”

ನಜಮಾ ಬುಟ್ಟಿ ಇಳಿಸಿ ಎಲ್ಲವನ್ನೂ ಕೇಳಿಸಿಕೊಂಡಳು. ಕೊನೆಗೆ, “ನನ್ನ ಕಡಿ ರೊಕ್ಕ ಹೆಚ್ಚಾಗೇತಿ ಮಗಳ” ಎಂದಳು.

ಹುಡುಗಿಯ ಮುಖ ಅರಳಿತು. “ಹೆಚ್ಚಾಗಿದೆಯಾ? ಅದರಲ್ಲಿ ಸ್ವಲ್ಪ ಕೊಟ್ರೆ ಸಾಕಮ್ಮ!”

ಪಾನಪಟ್ಟಿ ಅಂಗಡಿಯ ಗುರಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. “ಸಾವುಕಾರ್ತಿ ಯಾವಾಗ ಆದಿ ನಜಮಾ? ನಮಗ ಹೇಳಲೇ ಇಲ್ಲಲ್ಲ!”

“ನಿನಗ ಹೇಳಿದ್ರ ಉದ್ರಿ ಕೇಳ್ತಿ. ಬಾಯಿ ಮುಚ್ಚು.”

ತಪ್ಪು ತಿಳಿವಳಿಕೆ ಬಿಡಿಸಬೇಕಾದರೆ ಬುಟ್ಟಿಯ ಮುಂದೆ ‘ಇಲ್ಲ’ ಎನ್ನಬೇಕು. ನಜಮಾಳಿಗೆ ಅದು ಆಗಲಿಲ್ಲ. ಅರಳಿದ ಆ ಮುಖವನ್ನು ಬಾಡಿಸಲೂ ಮನಸ್ಸಾಗಲಿಲ್ಲ. “ನಡಿ, ನನ್ನ ಜೋಡಿ ಬಾ” ಎಂದು ನಮ್ಮ ಓಣಿಗೆ ಕರೆತಂದಳು.

ನಮ್ಮ ಕಟ್ಟೆಯ ಮೇಲೆ ನನ್ನ ಹೆಂಡತಿ ವಿಜಯಲಕ್ಷ್ಮಿಯೂ ನೆರೆಮನೆಯ ಬಾಳಮ್ಮನೂ ಬಳೆಗಾಗಿ ಕಾದಿದ್ದರು. ನಜಮಾ ನನ್ನ ಹೆಂಡತಿಯ ಕೈ ಹಿಡಿದು, ಬೆರಳು ಮಡಚಿ, ಹಸಿರು ಬಳೆ ಏರಿಸತೊಡಗಿದಳು.

“ಈಗ ಹೇಳು ಮಗಳ. ಬಳಿ ಇಡಿಸ್ಕೊಳ್ಳಾಕತ್ತವ್ರು ಎಲ್ಲಿ ಓಡಿ ಹೋಗ್ತಾರ?”

ಕಟ್ಟೆಯೆಲ್ಲ ನಕ್ಕಿತು. ನಿಷತ ಗಡಿಬಿಡಿಯಿಂದಲೇ ಆರಂಭಿಸಿದಳು.

“ಸಾವಕಾಶ ಹೇಳವಾ, ನಾವೇನು ಬಸ್ಸಿಗೆ ಹೊಂಟಿಲ್ಲ,” ಎಂದಳು ಬಾಳಮ್ಮ. “ಯಂತ್ರ ಹಚ್ಚಿದ್ರ ಕೂಸಿಗೆ ಅವ್ವನ ದನಿ ಕೇಳಸ್ತೈತೇನು?”

“ಕೇಳ್ಸುತ್ತೆ ಅಮ್ಮ. ಮೊದಲ ಸಲ ಕೇಳ್ದಾಗ ಕೆಲವು ಮಕ್ಕಳು ಅಳ್ತಾವೆ, ಕೆಲವು ನಗ್ತಾವೆ.”

ನನ್ನ ಹೆಂಡತಿ ಬಿಡುವಿದ್ದ ಕೈಯಿಂದ ಫೋನು ತೆಗೆದು ಮೊದಲು ಸೇರಿದಳು, ಆಮೇಲೆ ಬಾಳಮ್ಮ. ಕರಪತ್ರಗಳು ಅಕ್ಕಪಕ್ಕದ ಮನೆಗಳಿಗೂ ಹೋದವು. ನಿಷತ ಕಣ್ಣೊರೆಸಿಕೊಂಡು, “ಈಗ ನಿಮ್ಮದಮ್ಮಾ?” ಎಂದು ನಜಮಾಳ ಕಡೆ ತಿರುಗಿದಳು. ನನ್ನ ಹೆಂಡತಿ ನಗುತ್ತ ‘ಹೆಚ್ಚಾಗೇತಿ’ಯ ಅರ್ಥ ಬಿಡಿಸಿ ಹೇಳಿದಳು.

“ಅಯ್ಯೋ! ಹಾಗಾದ್ರೆ ನಿಮ್ಮ ಹತ್ರ ದುಡ್ಡು ಇಲ್—”

ನಜಮಾ ಥಟ್ಟನೆ ಅವಳ ಬಾಯಿ ಮುಚ್ಚಿದಳು. “ಬುಟ್ಟಿ ಮುಂದ ಆ ಮಾತ ಬ್ಯಾಡ!” ಆಮೇಲೆ ಮೆತ್ತಗೆ, “ನಾನೂ ಬಾಗಲಾ ಬಾಗಲಾ ನಿಂತಾಕಿ. ನಿಂತು ಕೇಳೋರು ಒಬ್ಬರು ಸಿಕ್ಕ್ರ ಆ ದಿನಾ ಚಲೋ ಹೋಗ್ತೈತಿ” ಎನ್ನುತ್ತ ಹುಡುಗಿಯ ಕೈಗೂ ಹಸಿರು ಬಳೆ ತೊಡಿಸಿದಳು. ನಿಷತ ಆ ಕೈಗಳನ್ನೇ ಹಿಡಿದು ಕಣ್ಣಿಗೊತ್ತಿಕೊಂಡಳು.

ಅವಳು ಹೊರಟಾಗ ಎದುರುಮನೆಯ ದಾನೇಶ್ವರಿ ಕೂಗಿದಳು. “ಏ ತಂಗಿ, ನಮಗೊಂದು ಚೀಟಿ ಕೊಡಲಿಲ್ಲಲ್ಲ?”

ನಿಷತ ಚೀಲ ತಡಕಿದಳು. ಕರಪತ್ರಗಳೆಲ್ಲ ಮುಗಿದು ಬರಿದಾಗಿತ್ತು. ನಜಮಾಳ ಕಡೆ ನೋಡಿ ನಕ್ಕು, ಬಳೆ ತೊಟ್ಟ ಕೈ ಎತ್ತಿದಳು.

“ಹೆಚ್ಚಾಗ್ಯಾವರಿ ಅಕ್ಕಾರ, ನಾಳೆ ತರ್ತೀನಿ!”