ಹುಳ ಜ್ವರಕ್ಕೆ ಕೂತಾಗ

ನನ್ನ ಹೆಂಡತಿ ಕುಸುಮ ಕಥೆ ಬರೆಯುತ್ತಾಳೆ. ಇದನ್ನು ಹೇಳಿದ ಕೂಡಲೇ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: ಹಸು, ಹೊಲ, ರೇಷ್ಮೆ ಎಲ್ಲ ನೋಡಿಕೊಂಡು ನಿಮ್ಮ ಮನೆಯವರು ಯಾವಾಗ ಬರೆಯುತ್ತಾರೆ? ಹುಳಕ್ಕೆ ಜ್ವರ ಬಂದಾಗ ಎನ್ನುತ್ತೇನೆ ನಾನು. ಪೇಟೆಯವರಾದರೆ ನನ್ನನ್ನು ಕನಿಕರದಿಂದ ನೋಡುತ್ತಾರೆ. ರೇಷ್ಮೆ ಸಾಕುವವರಾದರೆ ನಗುತ್ತಾರೆ.

ವಿಷಯ ಇಷ್ಟೆ. ರೇಷ್ಮೆ ಹುಳ ಬೆಳೆಯುವಾಗ ನಾಲ್ಕು ಸಲ ಪೊರೆ ಬಿಡುತ್ತದೆ. ಅದಕ್ಕೆ ನಾವು ಜ್ವರ ಅನ್ನುವುದು. ಆಗ ಹುಳ ತಲೆ ಎತ್ತಿಕೊಂಡು ಅಲ್ಲಾಡದೆ ಕೂರುತ್ತದೆ, ಸೊಪ್ಪು ಮುಟ್ಟುವುದಿಲ್ಲ. ಉಳಿದ ದಿನಗಳಲ್ಲಿ ಹೊತ್ತುಹೊತ್ತಿಗೆ ಹಿಪ್ಪುನೇರಳೆ ಸೊಪ್ಪು ಸುರಿಯುತ್ತಲೇ ಇರಬೇಕು. ಜ್ವರಕ್ಕೆ ಕೂತಾಗ ಮಾತ್ರ ಮನೆಮಂದಿಗೆ ರಜ. ಊರಿನ ಬೇರೆ ಹೆಂಗಸರು ಆ ರಜದಲ್ಲಿ ಒಂದು ನಿದ್ದೆ ತೆಗೆಯುತ್ತಾರೆ, ಟಿವಿ ನೋಡುತ್ತಾರೆ, ಕೆ.ಎಂ. ದೊಡ್ಡಿಗೆ ಹೋಗಿ ಬಳೆ ಇಡಿಸಿಕೊಂಡು ಬರುತ್ತಾರೆ. ನಮ್ಮವಳು ಹುಳದ ಮನೆಯ ಬಾಗಿಲಿಗೆ ಬೆನ್ನು ಕೊಟ್ಟು, ಮೊಣಕಾಲ ಮೇಲೆ ರಟ್ಟು ಇಟ್ಟುಕೊಂಡು ಬರೆಯುತ್ತಾಳೆ. ಆ ಹೊತ್ತಿನಲ್ಲಿ ನಾನು ಊಟ ಕೇಳಿದರೆ, ನಿನಗಿಂತ ಹುಳವೇ ವಾಸಿ ಅನ್ನುವ ಹಾಗೆ ನೋಡುತ್ತಾಳೆ. ಮುದ್ದೆ ತಿರುವುವುದನ್ನು ನಾನು ಕಲಿತದ್ದು ಹೀಗೆ.

ಅವಳ ತವರು ಹೊಳಲು. ನಮ್ಮ ಮಾವ ಹೊನ್ನಯ್ಯನವರು ವಿ.ಸಿ. ಫಾರಂ ಎಂಬ ಸರ್ಕಾರಿ ಕೃಷಿ ಕೇಂದ್ರದಲ್ಲಿ ಕೂಲಿಗೆ ಸೇರಿ ಅಲ್ಲೇ ಕಾಯಂ ಆದವರು. ಅಲ್ಲಿನ ಸಾಹೇಬರುಗಳು ಓದಿ ಎಸೆದ ವಾರಪತ್ರಿಕೆಗಳನ್ನು ಸೈಕಲ್ ಕ್ಯಾರಿಯರಿಗೆ ಸಿಕ್ಕಿಸಿಕೊಂಡು ಮನೆಗೆ ತರುತ್ತಿದ್ದರಂತೆ. ಮಗಳು ಓದಿ ಉದ್ಧಾರವಾಗಲಿ ಎಂದಲ್ಲ, ಪಾತ್ರೆ ಇಡುವ ಹಲಗೆಗೆ ಹಾಸಲು. ಇವಳು ಓದಿದ ಮೇಲೆ ಹಾಸುತ್ತಿದ್ದಳು. ಧಾರಾವಾಹಿಯ ಒಂದು ಕಂತು ಸಿಕ್ಕಿದರೆ ಮುಂದಿನದು ಸಿಗುತ್ತಿರಲಿಲ್ಲ. ಮುಂದೇನಾಯಿತು ಎಂಬುದನ್ನು ಪಾತ್ರೆ ತೊಳೆಯುತ್ತಾ ತಾನೇ ಕಟ್ಟಿಕೊಳ್ಳುತ್ತಿದ್ದಳಂತೆ. ಮದುವೆಯ ಮಾತುಕತೆಯಲ್ಲಿ ಇದನ್ನೆಲ್ಲ ಯಾರೂ ಬಾಯಿ ಬಿಡಲಿಲ್ಲ. ಹುಡುಗಿ ಪಿಯುಸಿ ಓದಿದ್ದಾಳೆ, ಹಾಲು ಕರೆಯುತ್ತಾಳೆ ಎಂದಷ್ಟೇ ಹೇಳಿ ನನಗೆ ಕಟ್ಟಿದರು.

ಇಷ್ಟೊಂದು ಕಥೆಗಳು ಎಲ್ಲಿಂದ ಸಿಗುತ್ತವೆ ಎನ್ನುವುದು ಜನರ ಎರಡನೇ ಪ್ರಶ್ನೆ. ಅದಕ್ಕೂ ಉತ್ತರ ಹುಳದ ಮನೆಯಲ್ಲೇ ಇದೆ. ನಾಲ್ಕನೇ ಜ್ವರ ಎದ್ದು ವಾರ ಕಳೆದರೆ ಹುಳ ಹಣ್ಣಾಗುತ್ತದೆ, ಅಂದರೆ ಮೈ ಹಳದಿ ತಿರುಗಿ ಗೂಡು ಕಟ್ಟಲು ಸಿದ್ಧವಾಗುತ್ತದೆ. ಹಣ್ಣಾದದ್ದನ್ನು ಒಂದೊಂದಾಗಿ ಆರಿಸಿ ಚಂದ್ರಿಕೆಗೆ, ಆ ಬಿದಿರಿನ ದೊಡ್ಡ ತಟ್ಟಿಗೆ, ಬಿಡಬೇಕು. ತಡ ಮಾಡಿದರೆ ಕಸದಲ್ಲೇ ನೂಲು ಬಿಟ್ಟು ಬೆಳೆಯೆಲ್ಲ ಹಾಳು. ಮನೆಯವರ ಕೈ ಸಾಲದು. ಅಕ್ಕಪಕ್ಕದ ಹೆಂಗಸರು ಬಂದು ಕೂರುತ್ತಾರೆ. ಇವತ್ತು ನಮ್ಮ ಮನೆ, ಇನ್ನೊಂದು ದಿನ ಅವರ ಮನೆ. ಕೈಗೆ ಕೆಲಸವಿದೆ, ಕಣ್ಣು ಹುಳದ ಮೇಲಿದೆ, ಬಾಯಿ ಮಾತ್ರ ಖಾಲಿ. ಮುಖ ನೋಡಿಕೊಂಡು ಹೇಳಲಾಗದ್ದನ್ನು ಹುಳ ನೋಡಿಕೊಂಡು ಹೇಳಿಬಿಡುತ್ತಾರೆ. ಕುಸುಮ ಊಂ ಅನ್ನುತ್ತಾ ಕೇಳಿಸಿಕೊಳ್ಳುತ್ತಾಳೆ. ಎಷ್ಟೋ ದಿನದ ಮೇಲೆ ಅದು ಕಥೆಯಾಗಿ ಬರುತ್ತದೆ, ಊರು ಬೇರೆ, ಹೆಸರು ಬೇರೆ. ನನ್ನ ಗೊರಕೆಯನ್ನು ಒಬ್ಬ ಪೋಸ್ಟ್‌ಮಾಸ್ಟರ್‌ಗೆ ಕೊಟ್ಟಿದ್ದಾಳೆ. ನಾನೇನೂ ಕೇಸು ಹಾಕಲಿಲ್ಲ.

ಕೇಸು ಆದದ್ದು ಪಕ್ಕದ ಮನೆಯ ಮಂಗಳಕ್ಕನದು.

ಮಂಗಳಕ್ಕ ಮತ್ತು ಅವಳ ಗಂಡ ಅಂಕಯ್ಯಣ್ಣ ನಮ್ಮ ಹಿತ್ತಲಿಗೆ ಅಂಟಿಕೊಂಡ ಮನೆಯವರು. ಮಂಗಳಕ್ಕನಿಗೆ ಐವತ್ತು ದಾಟಿದೆ. ಹುಳ ಆರಿಸಲು ಅವಳಷ್ಟು ಚುರುಕಿನ ಕೈ ಊರಲ್ಲಿ ಇಲ್ಲ, ಬಾಯಿಯೂ ಹಾಗೇ. ಕುಸುಮ ಹೊಸದಾಗಿ ಬಂದಾಗ ಅವಳಿಗೆ ರೇಷ್ಮೆ ಕೆಲಸ ಕಲಿಸಿದವಳು, ಅವಳ ಬಾಣಂತನಕ್ಕೆ ನೀರು ಹಾಕಿದವಳು. ಒಂದು ಸಲ ಹಣ್ಣು ಹುಳ ಆರಿಸುವಾಗ, ಉಳಿದವರು ಊಟಕ್ಕೆ ಎದ್ದು ಹೋಗಿದ್ದ ಹೊತ್ತಿನಲ್ಲಿ, ಕುಸುಮನ ಹತ್ತಿರ ತನ್ನ ಹಳೆಯದೊಂದು ವಿಷಯ ಹೇಳಿದಳು.

ಮದುವೆಯಾದ ವರ್ಷದ ಮಾತು. ಸಾರಿಗೆ ಉಪ್ಪು ಹೆಚ್ಚಾಯಿತೆಂದು ಅತ್ತೆ ಇವಳ ಮುಂದಿದ್ದ ಊಟದ ತಟ್ಟೆಯನ್ನೇ ಎಳೆದುಕೊಂಡರಂತೆ. ಪಕ್ಕದಲ್ಲಿದ್ದ ಅಂಕಯ್ಯಣ್ಣ ತಲೆ ಎತ್ತದೆ ಮುದ್ದೆ ಮುರಿಯುತ್ತಾ ಕೂತಿದ್ದನಂತೆ. ಮಾರನೆಯ ದಿನ ಇವಳು ಚೀಲಕ್ಕೆ ಎರಡು ಸೀರೆ ತುರುಕಿಕೊಂಡು ಮದ್ದೂರಿನ ಬಸ್ಸು ಹತ್ತಿದಳು. ಅಲ್ಲಿಂದ ಬೆಂಗಳೂರಿಗೆ ಹೋಗಿ, ಗಾರ್ಮೆಂಟ್ಸಿನಲ್ಲಿದ್ದ ಗೆಳತಿಯ ಜೊತೆ ಇದ್ದುಬಿಡುವುದು, ಮತ್ತೆ ಈ ಊರಿನ ಕಡೆ ತಲೆ ಹಾಕುವುದಿಲ್ಲ ಎಂದುಕೊಂಡು. ಮದ್ದೂರಿನ ಬಸ್‌ಸ್ಟ್ಯಾಂಡಿನಲ್ಲಿ ಬಹಳ ಹೊತ್ತು ಕೂತಿದ್ದು, ಸಂಜೆಗೆ ಮನೆಗೆ ವಾಪಸು ಬಂದಳು. ಎಲ್ಲಿಗೆ ಹೋಗಿದ್ದೆ ಎಂದದ್ದಕ್ಕೆ ಹಲ್ಲುನೋವು, ಡಾಕ್ಟರ ಹತ್ತಿರ ಹೋಗಿದ್ದೆ ಎಂದಳು. ಯಾರೂ ಎರಡನೇ ಸಲ ಕೇಳಲಿಲ್ಲ.

ಕುಸುಮ ಇದನ್ನು ವರ್ಷಗಟ್ಟಲೆ ಒಳಗೇ ಇಟ್ಟುಕೊಂಡಿದ್ದಳು. ಹೋದ ಚಳಿಗಾಲದ ಬೆಳೆಯಲ್ಲಿ ಬರೆದೇಬಿಟ್ಟಳು. ಕಥೆಯ ಹೆಸರು ‘ಹಲ್ಲುನೋವು’. ಹೆಂಗಸಿನ ಹೆಸರು ಬದಲಾಯಿಸಿದಳು, ಊರು ಬದಲಾಯಿಸಿದಳು. ಮಂಗಳಕ್ಕ ವಾಪಸು ಬಂದದ್ದು ಯಾಕೆಂದು ಹೇಳಿರಲಿಲ್ಲವಾದ್ದರಿಂದ ಅದನ್ನು ತಾನೇ ಕಟ್ಟಿದಳು. ತವರಿಗೆ ಹೋಗುವ ದಾರಿಯಲ್ಲಿ ಹಳ್ಳ ತುಂಬಿ ಹರಿಯುತ್ತಿದ್ದಾಗ ಗಂಡ ತನ್ನನ್ನು ಹೊತ್ತುಕೊಂಡು ದಾಟಿಸಿದ್ದು ಬಸ್‌ಸ್ಟ್ಯಾಂಡಿನಲ್ಲಿ ಕೂತ ಅವಳಿಗೆ ನೆನಪಾಗುತ್ತದೆ, ಕಣ್ಣೀರು ಒರೆಸಿಕೊಂಡು ಮನೆಯ ಬಸ್ಸು ಹತ್ತುತ್ತಾಳೆ. ವಾರಪತ್ರಿಕೆಯಲ್ಲಿ ಅಚ್ಚಾದಾಗ ಗುರುತಿಲ್ಲದವರೆಲ್ಲ ಫೋನ್ ಮಾಡಿ, ಮೇಡಂ, ಆ ಹಳ್ಳದ ಭಾಗಕ್ಕೆ ಅತ್ತುಬಿಟ್ಟೆವು ಎಂದರು. ನಾನೂ ಅತ್ತಿದ್ದೆ, ಯಾರಿಗೂ ಹೇಳಲಿಲ್ಲ ಅಷ್ಟೆ.

ಪತ್ರಿಕೆ ಊರಿನ ಕ್ಷೌರದಂಗಡಿಗೂ ಬಂತು. ಅಂಕಯ್ಯಣ್ಣ ಕಟಿಂಗಿಗೆ ಕಾಯುತ್ತಾ ಓದಿದ. ಹಲ್ಲುನೋವಿನ ಹತ್ತಿರ ಬಂದಾಗ ಅವನಿಗೆ ಅರ್ಥವಾಗಿಹೋಯಿತು. ಸಿಟ್ಟು ಬರಲಿಲ್ಲ, ಬದಲಿಗೆ ಎದೆ ಉಬ್ಬಿತು. ಟೀ ಅಂಗಡಿ, ಹಾಲಿನ ಡೈರಿ, ಹೋದಲ್ಲೆಲ್ಲ ಅದೇ ಮಾತು. ಅದು ಯಾವ ಹಳ್ಳ ಎಂದು ನಾನು ಕೇಳಿದರೆ, “ಯಾವ ಅಳ್ಳ ಅಂತ ಗ್ಯಾಪ್ಕ ಬತ್ತಿಲ್ಲ ಕಣ್ಲಾ, ಆದ್ರೆ ಒತ್ಕಂಡಿದ್ದು ದಿಟ” ಎಂದ.

ಮಂಗಳಕ್ಕ ಅವತ್ತಿನಿಂದ ಕುಸುಮನ ಜೊತೆ ಮಾತು ಬಿಟ್ಟಳು. ಹಿತ್ತಲ ಬಾಗಿಲು ಮುಚ್ಚಿತು. ಯುಗಾದಿಗೆ ಅವರ ಮನೆಯಿಂದ ಒಬ್ಬಟ್ಟು ಬರಲಿಲ್ಲ, ನಾವು ಕಳಿಸಿದ್ದು ಹಾಗೇ ವಾಪಸು ಬಂತು. ನಂಬಿ ಹೇಳಿದ ಗುಟ್ಟನ್ನು ಬೀದಿಗೆ ಹಾಕಿಬಿಟ್ಟೆ ಎಂದು ಕುಸುಮ ಕೊರಗಿದಳು. ನಮಗೆಲ್ಲ ಸಿಟ್ಟಿನ ಕಾರಣ ಅದೇ ಎಂದು ಖಾತ್ರಿಯಾಗಿತ್ತು.

ಅಷ್ಟರಲ್ಲಿ ಮೈಸೂರಿನ ಪ್ರಕಾಶಕರೊಬ್ಬರು ಫೋನ್ ಮಾಡಿದರು. ನಿಮ್ಮ ಕಥೆಗಳನ್ನು ಸೇರಿಸಿ ಪುಸ್ತಕ ಮಾಡೋಣ, ‘ಹಲ್ಲುನೋವು’ ಇರಲೇಬೇಕು, ಪುಸ್ತಕಕ್ಕೂ ಅದೇ ಹೆಸರು, ತಿಂಗಳ ಕೊನೆಗೆ ಕಳಿಸಿ ಎಂದರು. ಕುಸುಮ ಫೋನ್ ಇಟ್ಟು ಕೊಟ್ಟಿಗೆಗೆ ಹೋಗಿ ಹಸುವಿನ ಕತ್ತು ತಬ್ಬಿಕೊಂಡು ನಿಂತಳು. ಹೊಳಲಿನ ಹಲಗೆಗೆ ಪತ್ರಿಕೆ ಹಾಸುತ್ತಿದ್ದ ಕಾಲದಿಂದ ಅವಳಿಗಿದ್ದದ್ದು ಅದೊಂದೇ ಆಸೆ. ಮತ್ತೆ ಒಳಗೆ ಬಂದವಳು ನನ್ನ ಸಂತೋಷಕ್ಕೆ ತಣ್ಣೀರು ಎರಚಿದಳು. ಮಂಗಳಕ್ಕ ಒಪ್ಪದೆ ಪುಸ್ತಕ ಬೇಡ ಎಂದಳು. ಒಂದು ಸಲ ಅಚ್ಚಾಗಿ ಹೋಗಿದೆಯಲ್ಲ, ಇನ್ನೇನು ಹೊಸದಾಗಿ ಮುರಿಯುವುದಿದೆ ಎಂದು ನಾನು ಕೂಗಾಡಿದೆ.

“ಪತ್ರಿಕೆ ವಾರ ಕಳೆದ್ರೆ ರದ್ದಿಗೆ ಹೋಯ್ತದೆ. ಪುಸ್ತಕ ಹಂಗಲ್ಲ, ನಾವು ಹೋದ್ಮೇಲೂ ಇರ್ತದೆ” ಎಂದಳು. “ಅಕ್ಕನ ಮನಸು ನೋಯ್ಸಿ ಅದನ್ನ ಗೋಡೆ ಗೂಡಲ್ಲಿ ಇಟ್ಕಂಡು ನಾನು ಹೆಂಗೆ ಅನ್ನ ತಿನ್ಲಿ?”

ಅವಳು ಒಪ್ಪಿಗೆ ಕೇಳಲು ಹೋದಾಗಲೆಲ್ಲ ಮಂಗಳಕ್ಕ ನುಗ್ಗೆಮರಕ್ಕೆ ಕಂಬಳಿಹುಳ ಬಿದ್ದಿದೆ ಎಂದು ಮರಕ್ಕೆ ಹೇಳಿಕೊಂಡು ಒಳಗೆ ನಡೆಯುತ್ತಿದ್ದಳು. ಆ ತಿಂಗಳು ನಾನು ಕುಸುಮನನ್ನು ನೋಡಲಾಗದೆ ಹೊಲದಲ್ಲೇ ಹೆಚ್ಚು ಹೊತ್ತು ಕಳೆದೆ. ಹುಳ ಜ್ವರಕ್ಕೆ ಕೂತರೂ ಅವಳು ರಟ್ಟು ಮುಟ್ಟಲಿಲ್ಲ.

ತಿಂಗಳ ಕೊನೆ ಹತ್ತಿರ ಬಂದಾಗ ಹುಳ ಹಣ್ಣಾಯಿತು. ಸೆಖೆಗೆ ಎಲ್ಲವೂ ಒಟ್ಟಿಗೇ. ಬೆಳಿಗ್ಗೆ ನೋಡಿದರೆ ಹುಳ ಸಾಕುವ ತಟ್ಟೆಗಳೆಲ್ಲ ಹಳದಿ. ಆರಿಸಲು ಬರುವ ಹೆಂಗಸರೆಲ್ಲ ಮಳವಳ್ಳಿ ಕಡೆ ಒಂದು ಬೀಗರೂಟಕ್ಕೆ ಟೆಂಪೊ ಮಾಡಿಕೊಂಡು ಹೋಗಿದ್ದರು. ಬಾಡೂಟ ಬಿಟ್ಟು ಯಾರು ಬರುತ್ತಾರೆ? ನಾನು ಮಾಡಿದ ಫೋನು ಒಬ್ಬರೂ ಎತ್ತಲಿಲ್ಲ. ಕುಸುಮ ಒಬ್ಬಳೇ ಕೂತು ಆರಿಸುತ್ತಾ, ಹುಳ ಕಾಣದ ಹಾಗೆ ಕಣ್ಣು ತುಂಬಿಕೊಂಡು, ಸೆರಗಿನಲ್ಲಿ ಒರೆಸಿಕೊಳ್ಳುತ್ತಿದ್ದಳು.

ಹಿತ್ತಲ ಬಾಗಿಲು ತೆರೆಯಿತು. ಮಂಗಳಕ್ಕ ಬಂದು, ಕಾಲು ತೊಳೆದು, ಸೆರಗು ಸಿಕ್ಕಿಸಿ, ಕುಸುಮನ ಎದುರು ಒಂದು ತಟ್ಟೆ ಎಳೆದುಕೊಂಡು ಕೂತಳು. ಮಾತು ಬಿಟ್ಟಿದ್ದರೇನು, ಹಣ್ಣಾದ ಹುಳವನ್ನು ಹಾಗೆ ಬಿಡಲು ನಮ್ಮೂರಿನವರಿಗೆ ಆಗುವುದಿಲ್ಲ. ನಾನು ತುಂಬಿದ ಚಂದ್ರಿಕೆಗಳನ್ನು ಹೊತ್ತು ಹೊರಗೆ ಇಡುತ್ತಾ, ಒಳಗೆ ಬರುತ್ತಾ ಇದ್ದೆ. ಮಧ್ಯಾಹ್ನ ತಿರುಗಿತು. ಇನ್ನೇನು ಕೆಲವೇ ತಟ್ಟೆ ಉಳಿದಿರುವಾಗ ಕುಸುಮನೇ ಬಾಯಿ ತೆರೆದಳು. ತಪ್ಪಾಯಿತಕ್ಕ, ನೀನು ನಂಬಿ ಹೇಳಿದ್ದನ್ನು ಬರೆದುಬಿಟ್ಟೆ, ಪುಸ್ತಕಕ್ಕೆ ಹಾಕುವುದಿಲ್ಲ ಎಂದಳು.

“ಬರ್ದಿದ್ಕೆ ಯಾರೇ ಬೇಡ ಅಂದೋರು?” ಎಂದಳು ಮಂಗಳಕ್ಕ, ತಲೆ ಎತ್ತದೆ. “ಬರೀಲಿ ಅಂತಾನೇ ನಿನ್ ಮುಂದೆ ಏಳಿದ್ದು. ಇಲ್ದಿದ್ರೆ ಏಳ್ತಿದ್ನಾ?”

ನಾನು ಚಂದ್ರಿಕೆ ಹಿಡಿದುಕೊಂಡು ನಿಂತಲ್ಲೇ ನಿಂತೆ. ಮತ್ತೆ ಯಾಕೆ ಮಾತು ಬಿಟ್ಟೆ ಎಂದು ಕುಸುಮ ಕೇಳಿದಳು.

“ಗಂಡ ಒತ್ಕಂಡು ಅಳ್ಳ ದಾಟ್ಸಿದ್ದು ಗ್ಯಾಪ್ಕ ಬಂದು ವಾಪಸ್ ಬಂದ್ಲು ಅಂತ ಬರ್ದಿದ್ದೀಯಲ್ಲ, ಯಾವ ಅಳ್ಳ ಕಣೇ ಅದು? ಆ ಮನ್ಸ ನನ್ನ ಯಾವತ್ತು ಒತ್ಕಂಡಿದ್ದ? ಈಗ ಊರ್ತುಂಬ ಏಳ್ಕಂಡು ತಿರುಗ್ತಾವ್ನೆ. ಬೆಳಗೆದ್ದು ನನ್ ಮಕ ನೋಡಿ ನಗ್ತಾನೆ. ಮೂವತ್ತು ವರ್ಸದಿಂದ ಮಡಿಕ್ಕಂಡಿರೋ ಸಿಟ್ಟು ನಂದು. ಅದನ್ನ ಒರ್ಸಾಕಿ ಅವ್ನಿಗೆ ಆರ ಆಕ್ಬುಟ್ಟೆಯಲ್ಲೇ ನೀನು.”

ಕುಸುಮ ಆರಿಸುವುದನ್ನು ನಿಲ್ಲಿಸಿದಳು. ಹಾಗಾದರೆ ನಿಜವಾಗಿ ಯಾಕೆ ವಾಪಸು ಬಂದೆ, ಅದೊಂದನ್ನು ನೀನು ಹೇಳಲೇ ಇಲ್ಲವಲ್ಲ ಎಂದಳು.

ಮಂಗಳಕ್ಕನ ಕೈ ಮಾತ್ರ ನಿಲ್ಲಲಿಲ್ಲ. “ಯಾವ ಬಸ್ಸು ಮೊದ್ಲು ಬತ್ತದೋ ಅದ್ನ ಅತ್ತದು ಅಂತ ಕುಂತಿದ್ದೆ. ನಮ್ಮೂರ್ ಮೇಲೆ ಓಗೋ ಮಳವಳ್ಳಿ ಬಸ್ಸು ಮೊದ್ಲು ಬಂತು, ಅತ್ಕಂಡೆ. ಅಷ್ಟೆಯ.”

ಹಾಗೇ ಬರೆದರೆ ಅಂಕಯ್ಯಣ್ಣನಿಗೆ ಗೊತ್ತಾಗುತ್ತದಲ್ಲಕ್ಕ ಎಂದು ಕುಸುಮ ಮೆಲ್ಲಗೆ ಕೇಳಿದಳು.

“ಗೊತ್ತಾಗ್ಲಿ ಅಂತಾನೇ ಕಣೇ ಏಳ್ತಿರದು.”

ಕುಸುಮ ಕಥೆಯ ಕೊನೆಯ ಪುಟವನ್ನು ಹೊಸದಾಗಿ ಬರೆದಳು. ಹಳ್ಳ ಹೋಯಿತು, ಬಸ್ಸು ಬಂತು. ಪ್ರಕಾಶಕರು ಓದುಗರಿಗೆ ಹಳೆಯ ಮುಕ್ತಾಯವೇ ಇಷ್ಟವಾಗಿತ್ತಲ್ಲ ಎಂದು ರಾಗ ಎಳೆದರು. ಹಾಗಾದರೆ ಪುಸ್ತಕ ಬೇಡ ಸರ್ ಎಂದಳು ನನ್ನ ಹೆಂಡತಿ, ಇಪ್ಪತ್ತು ವರ್ಷ ಕಾದಿದ್ದ ಪುಸ್ತಕಕ್ಕೆ. ಅವತ್ತು ಅವಳ ಮೇಲೆ ನನಗೆ ಬಂದ ಹೆಮ್ಮೆಯನ್ನು ಇಲ್ಲಿ ಬಿಟ್ಟರೆ ಬೇರೆಲ್ಲೂ ಹೇಳಿಲ್ಲ. ಪ್ರಕಾಶಕರು ಒಪ್ಪಿದರು.

ಅವರೆಕಾಯಿ ಕಾಲಕ್ಕೆ ಪುಸ್ತಕ ಬಂತು. ಮೊದಲ ಪ್ರತಿಯನ್ನು ಕುಸುಮ ಮಂಗಳಕ್ಕನ ಕೈಗೆ ಕೊಡಲು ಹೋದಳು, ನಾನೂ ಹಿಂದೆ ಹೋದೆ. ಮಂಗಳಕ್ಕ ಹೊಸ್ತಿಲಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದಳು. ಜಗಲಿಯಲ್ಲಿದ್ದ ಅಂಕಯ್ಯಣ್ಣ ಕೈ ಚಾಚಿ ಪುಸ್ತಕ ಕಿತ್ತುಕೊಂಡು, ನಮ್ಮ ಕಥೆ ಎಲ್ಲಿ ಬಂದಿದೆ ತೋರಿಸು ಎಂದ. ನಾಲ್ಕು ಜನಕ್ಕೆ ಕೇಳಲಿ ಎಂದು ಗಟ್ಟಿಯಾಗಿ, ಸಾಲಿನ ಕೆಳಗೆ ಬೆರಳಿಟ್ಟುಕೊಂಡು ಓದತೊಡಗಿದ. ಮುಂದೇನಿದೆ ಎಂದು ಗೊತ್ತಿದ್ದ ನಾನು ಸೂರು ನೋಡುತ್ತಾ ನಿಂತೆ. ಬಸ್‌ಸ್ಟ್ಯಾಂಡಿಗೆ ಬಂದಾಗ ಅವನ ದನಿ ತಗ್ಗಿತು. ಬಸ್ಸಿನ ಸಾಲುಗಳನ್ನು ಎರಡನೇ ಸಲ ಮನಸ್ಸಿನಲ್ಲೇ ಓದಿಕೊಂಡ. ಇನ್ನೂ ಏನಾದರೂ ಇದೆಯೇ ಎಂದು ಪುಟ ತಿರುವಿದ. ಅಲ್ಲಿ ಬೇರೆ ಕಥೆ ಶುರುವಾಗಿತ್ತು.

“ಬೆಂಗ್ಳೂರು ಬಸ್ಸು ಎಷ್ಟೊತ್ತಿಗೆ ಬಂತಂತೆ ಕುಸುಮ?” ಎಂದ. “ಅದ್ನ ಬರ್ದೇ ಇಲ್ವಲ್ಲ.”

ಕುಸುಮನಿಗೆ ಅದು ಗೊತ್ತಿರಲಿಲ್ಲ. ಅವಳು ನನ್ನ ಮುಖ ನೋಡಿದಳು.

“ಅದ್ರ ಇಂದೇನೇ ಬಂತು” ಎಂದಳು ಮಂಗಳಕ್ಕ ಹೊಸ್ತಿಲಿಂದ. “ಸೀಟಲ್ಲಿ ಕುಂತು ನೋಡ್ದೆ.”

ಅಂಕಯ್ಯಣ್ಣ ಪುಸ್ತಕ ಮುಚ್ಚಿದ. ನಾವು ಹೊರಡೋಣ ಎಂದು ಕುಸುಮನಿಗೆ ಸನ್ನೆ ಮಾಡಿದೆ, ಅವಳು ಅಲ್ಲಾಡಲಿಲ್ಲ. ಸುಮಾರು ಹೊತ್ತಾದ ಮೇಲೆ ಅವನು ಎದ್ದು ಹೋಗಿ ಹೆಂಡತಿಯ ಎದುರು ಕುಕ್ಕರಗಾಲಲ್ಲಿ ಕೂತು, ಒಂದು ಅವರೆಕಾಯಿ ಕೈಗೆತ್ತಿಕೊಂಡ.

“ಅವತ್ತು ಅವ್ವ ನಿನ್ ತಟ್ಟೆ ಎಳ್ಕಂಡಾಗ ನಾನು ಮಾತಾಡ್ಬೇಕಾಗಿತ್ತು” ಎಂದ.

“ಊಂ, ಮಾತಾಡ್ಬೇಕಾಗಿತ್ತು” ಎಂದಳು ಮಂಗಳಕ್ಕ.