ಟೀ ಪೆಟ್ಟಿಗೆಯ ಟೆಲಿವಿಷನ್

ಗಂಡನ ಹೆಸರನ್ನು ಬಾಯಲ್ಲಿ ಹೇಳಬಾರದು ಎಂದು ನನಗೆ ಕಲಿಸಿದ್ದಾರೆ. ಬರೆಯಬಾರದು ಎಂದು ಯಾರೂ ಹೇಳಿಲ್ಲ. ನಮ್ಮವರ ಹೆಸರು ರಾಮರ್. ಕಂಬಂ ಬಸ್ ಸ್ಟ್ಯಾಂಡಿನ ಹತ್ತಿರ ಅವರದೊಂದು ಫೋಟೋ ಸ್ಟುಡಿಯೋ ಇತ್ತು. ಸ್ಟುಡಿಯೋ ಅಂದರೆ ದೊಡ್ಡದೇನೋ ಅಂದುಕೊಳ್ಳಬೇಡಿ. ಹಂಚಿನ ಒಂದು ಕೋಣೆ, ಪರದೆಯ ಮೇಲೆ ಬರೆಸಿದ ಒಂದು ಜಲಪಾತ, ಕೈ ಇರುವ ಒಂದು ಕುರ್ಚಿ. ಮದುಮಕ್ಕಳು ಕೂರುತ್ತಿದ್ದುದೂ ಅದೇ ಕುರ್ಚಿಯಲ್ಲಿ, ಸತ್ತವರನ್ನು ಕೂರಿಸಿ ಫೋಟೋ ತೆಗೆಯಲು ಅವರ ಮನೆಗೆ ಹೊತ್ತುಕೊಂಡು ಹೋಗುತ್ತಿದ್ದುದೂ ಅದೇ ಕುರ್ಚಿಯನ್ನು. ನಾನೂ ಮದುವೆಯಲ್ಲಿ ಅದರ ಮೇಲೆ ಕೂತವಳೇ. ಈ ವಿಷಯ ಮೊದಲೇ ತಿಳಿದಿದ್ದರೆ ನಿಂತೇ ಫೋಟೋ ತೆಗೆಸಿಕೊಳ್ಳುತ್ತಿದ್ದೆ.

ನಮ್ಮದು ಬೇಸಾಯದ ಜನ. ಹೊರಗೆ ತಮಿಳು, ಒಲೆಯ ಮುಂದೆ ಕನ್ನಡ. ಇವರ ಅಣ್ಣತಮ್ಮಂದಿರೆಲ್ಲ ಗದ್ದೆ, ಬಾಳೆ ಎಂದು ಊರಲ್ಲೇ ಉಳಿದರೆ, ಇವರೊಬ್ಬರು ಚಿಕ್ಕ ವಯಸ್ಸಿನಲ್ಲೇ ಬಾಳೆಗೊನೆಯ ಲಾರಿ ಹತ್ತಿ ಬತ್ತಲಗುಂಡಿಗೆ ಹೋಗಿ, ಅಲ್ಲಿಂದ ಘಾಟಿ ಬಸ್ಸು ಹಿಡಿದು ಕೊಡೈಕಾನಲ್ ಸೇರಿದರು. ಅಲ್ಲಿ ಹೋಟೆಲಿನಲ್ಲಿ ಕೆಲಸ. ಕೆರೆಯ ದಂಡೆಯಲ್ಲಿ ಪ್ರವಾಸಿಗರ ಫೋಟೋ ತೆಗೆಯುತ್ತಿದ್ದ ಮುದುಕನೊಬ್ಬನಿಂದ ವಿದ್ಯೆ ಕಲಿತರು, ಚರ್ಮದ ತಿದಿ ಇದ್ದು, ಕಪ್ಪು ಬಟ್ಟೆ ಹೊದ್ದು ನೋಡುವ ಅವನ ಹಳೆಯ ಪ್ಲೇಟ್ ಕ್ಯಾಮರಾವನ್ನೂ ಕೊಂಡುಕೊಂಡರು. ಹನ್ನೆರಡು ವರ್ಷ ಕಳೆದು ಊರಿಗೆ ಇಳಿದು ಬಂದಾಗ ಆ ಕ್ಯಾಮರಾದ ಜೊತೆ ಒಂದು ಹುಚ್ಚನ್ನೂ ತಂದಿದ್ದರು.

ಹುಚ್ಚು ಇದು. ಹೋಟೆಲಿನಲ್ಲಿ ಇಳಿದುಕೊಂಡಿದ್ದ ಬಿಳಿ ದೊರೆಯೊಬ್ಬ ತನ್ನ ದೇಶದ ಟೆಲಿವಿಷನ್ ಬಗ್ಗೆ ಇವರಿಗೆ ಹೇಳಿದ್ದನಂತೆ. ಎಲ್ಲೋ ನಡೆಯುವ ಆಟವನ್ನು ಅದು ನಡೆಯುತ್ತಿರುವಾಗಲೇ ಮನೆಯೊಳಗಿನ ಪೆಟ್ಟಿಗೆ ತೋರಿಸುತ್ತದಂತೆ. ಅವತ್ತಿನಿಂದ ನಮ್ಮವರ ತಲೆಯಲ್ಲಿ ಒಂದೇ ಮಾತು. ಹಿಡಿಯುವ ಯಂತ್ರ ಒಂದು ಕಡೆ, ತೋರಿಸುವ ಯಂತ್ರ ಇನ್ನೊಂದು ಕಡೆ ಯಾಕಿರಬೇಕು, ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿ ಸೇರಿಸಿ ಹೆಗಲಿಗೆ ಹಾಕಿಕೊಂಡರೆ ಆಗದೇ ಎಂದು. ಮದುವೆಯಾದ ಹೊಸತರಲ್ಲೇ ನಾನು ಕೇಳಿದ್ದೆ: ಪೆಟ್ಟಿಗೆಯೂ ಅಲ್ಲೇ, ನೀವೂ ಅಲ್ಲೇ, ನಡೆಯುವುದೂ ಅಲ್ಲೇ. ಹಾಗಿದ್ದ ಮೇಲೆ ಪೆಟ್ಟಿಗೆಯೊಳಗೆ ಯಾಕೆ ಇಣುಕಬೇಕು, ದೇವರು ಕೊಟ್ಟ ಕಣ್ಣು ಸಾಲದೇ? ಊರಿನವರಿಗೂ ನನ್ನ ಈ ಮಾತು ಬಹಳ ಹಿಡಿಸಿ, ಸಿಕ್ಕಸಿಕ್ಕಲ್ಲಿ ಅವರನ್ನು ಕೇಳಿ ನಗುತ್ತಿದ್ದರು. ಅವರು ಮಾತ್ರ ಸಿಟ್ಟಾಗಲಿಲ್ಲ, ಬಿಡಲೂ ಇಲ್ಲ.

ಅರವತ್ತೇಳನೇ ಇಸವಿಯ ಕೊನೆಯಲ್ಲಿ ನಮ್ಮ ಅತ್ತೆ ಓಚ್ಚಮ್ಮಾಳ್ ಹುಲ್ಲಿನ ಬಣವೆಯ ಮೇಲಿಂದ ಬಿದ್ದು ಬೆನ್ನು ಮುರಿದುಕೊಂಡರು. ಮೂಳೆ ಕಟ್ಟುವ ವೈದ್ಯ ಬಿದಿರಿನ ದಬ್ಬೆ ಇಟ್ಟು ಕಟ್ಟಿದ. ಮಂಚದ ಮೇಲೆ ಅಂಗಾತ ಮಲಗಿರಬೇಕು, ತಲೆಯನ್ನೂ ಎತ್ತಬಾರದು, ಎತ್ತಿದರೆ ಕಾಲು ಶಾಶ್ವತವಾಗಿ ಹೋಗುತ್ತದೆ ಎಂದ. ಅರವತ್ತು ದಾಟಿದರೂ ಒಂದು ಗಳಿಗೆ ಸುಮ್ಮನೆ ಕೂತವರಲ್ಲ ನಮ್ಮ ಅತ್ತೆ. ಈಗ ಮಾಡಿನ ಜಂತೆಗಳನ್ನು ಎಣಿಸುವುದೇ ಕೆಲಸವಾಯಿತು. ನೋಡಲು ಬಂದವರೆಲ್ಲ ನಾಳೆ ಎದ್ದು ಓಡಾಡುತ್ತೀ, ನಾಡಿದ್ದು ಕಳೆ ಕೀಳುತ್ತೀ ಎನ್ನುವರು. ಅವರು ಹೋದ ಮೇಲೆ ಅತ್ತೆ ನನ್ನ ಹತ್ತಿರ, ಎಲ್ಲಾ ಸುಳ್ಳು ಹೇಳುತ್ತಾರೆ, ರೋಗಿಯ ಹತ್ತಿರ ಒಬ್ಬರೂ ನಿಜ ಆಡುವುದಿಲ್ಲ ಎಂದು ಹಲ್ಲು ಕಡಿಯುತ್ತಿದ್ದರು.

ಪೊಂಗಲಿಗೆ ಮುಂಚಿನ ಅದೇ ಮಾರ್ಗಳಿ ತಿಂಗಳಲ್ಲಿ ದೇವರ ಹಟ್ಟಿಯ ಪಟ್ಟದ ಹೋರಿ ತೀರಿಕೊಂಡಿತು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಊರಿನ ದೇವರ ಹಟ್ಟಿಯಲ್ಲಿ ವಿಗ್ರಹವಿಲ್ಲ, ದನಗಳೇ ದೇವರು. ಪೊಂಗಲ್ ದಿನ ಯಾರ ಮನೆಯಲ್ಲಿ ಕರು ಹುಟ್ಟಿದರೂ ಹಟ್ಟಿಗೆ ಒಪ್ಪಿಸಬೇಕು. ಆಮೇಲೆ ಅದಕ್ಕೆ ಮೂಗುದಾರವಿಲ್ಲ, ನೊಗವಿಲ್ಲ, ಅದನ್ನು ಮಾರುವಂತೆಯೂ ಇಲ್ಲ. ಅವುಗಳಿಗೆಲ್ಲ ಒಡೆಯ ಪಟ್ಟದ ಹೋರಿ. ಅದು ಸತ್ತರೆ ಮುಂದಿನ ಮಾಟ್ಟುಪೊಂಗಲ್, ಅಂದರೆ ಪೊಂಗಲಿನ ಮರುದಿನದ ದನಗಳ ಹಬ್ಬದ ದಿನ, ಹಿರಿಯರು ಬಯಲಿನಲ್ಲಿ ಕಬ್ಬು ಹಿಡಿದು ನಿಲ್ಲುತ್ತಾರೆ, ಹೋರಿಗಳನ್ನು ಬಿಡುತ್ತಾರೆ. ಯಾವುದು ತಾನಾಗಿ ಬಂದು ಮೊದಲು ಕಬ್ಬಿಗೆ ಬಾಯಿ ಹಾಕುತ್ತದೋ ಅದಕ್ಕೇ ಪಟ್ಟ.

ಆರು ವರ್ಷದ ಹಿಂದಿನ ಪೊಂಗಲ್ ಬೆಳಗ್ಗೆ ನಮ್ಮ ಹಸು ಕರು ಹಾಕಿ ಸತ್ತುಹೋಗಿತ್ತು. ಆ ಕರುವಿಗೆ ಅತ್ತೆ ಬಿದಿರಿನ ಗೊಟ್ಟದಲ್ಲಿ ಹಾಲು ಕುಡಿಸಿ, ತಮ್ಮ ಹಳೆಯ ಸೀರೆ ಹೊದಿಸಿ ಉಳಿಸಿಕೊಂಡರು. ಒಪ್ಪಿಸುವ ದಿನ ಅಳುತ್ತಾ ಒಪ್ಪಿಸಿದರು. ಕಪ್ಪು ಮೈ, ಬಲಗಿವಿ ಮಾತ್ರ ಬಿಳಿ. ಅದೇ ದಿನ ಎದುರುಮನೆಯ ಮುನಿಯಮ್ಮಾಳ್ ಮನೆಯಲ್ಲೂ ಒಂದು ಹೋರಿಗರು ಹುಟ್ಟಿತ್ತು. ಎರಡಕ್ಕೂ ಒಂದೇ ಅಪ್ಪ, ಅದೇ ಕಪ್ಪು. ಅದಕ್ಕೆ ಎಡಗಿವಿ ಬಿಳಿ. ಈಗ ಎರಡೂ ಬೆಳೆದು ಹೋರಿಗಳಾಗಿದ್ದವು, ಪಟ್ಟ ಈ ಎರಡರಲ್ಲಿ ಒಂದಕ್ಕೇ ಎಂದು ಊರೆಲ್ಲ ಮಾತಾಡುತ್ತಿತ್ತು.

ಯಾವುದಾಯಿತು ಎಂದು ಓಡಿ ಬಂದು ಹೇಳುತ್ತೇವೆ ಎಂದೆ. ಅತ್ತೆ ಒಪ್ಪಲಿಲ್ಲ.

“ಬ್ಯಾಡ ಮುತ್ತು. ನಂದಾಗ್ದಿದ್ರೂ ಆಯ್ತು ಅಂತೀರಾ ನೀವು. ನನ್ ಕಣ್ಣಾಗೇ ನೋಡ್ಬೇಕು. ಇಲ್ಲಾಂದ್ರೆ ಯಾರೂ ಏನೂ ಹೇಳ್ಬ್ಯಾಡ್ರಿ.”

ಗೋಡೆಯ ಕಡೆ ತಿರುಗಿ ಅಳಬೇಕೆಂದರೂ ಅವರಿಗೆ ತಿರುಗಲಾಗುತ್ತಿರಲಿಲ್ಲ. ಕಣ್ಣೀರು ಎರಡು ಕಿವಿಗೂ ಇಳಿಯುತ್ತಿತ್ತು. ನಮ್ಮವರು ಬಾಗಿಲಲ್ಲಿ ನಿಂತು ನೋಡಿ ಹೊರಟುಹೋದರು. ಮಂಚವನ್ನು ಬಯಲಿಗೆ ಹೊತ್ತರೂ ಅಂಗಾತ ಮಲಗಿದವರಿಗೆ ಕಾಣುವುದು ಆಕಾಶ ಮಾತ್ರ. ಅಷ್ಟು ವರ್ಷ ನಾನು ಕೇಳುತ್ತಿದ್ದ ಪ್ರಶ್ನೆಗೆ ಉತ್ತರ ನಮ್ಮ ಮನೆಯ ಮಂಚದ ಮೇಲೇ ಮಲಗಿತ್ತು.

ಮೊದಲು ಅವರು ಅಪ್ಪಣೆ ಕೇಳಲು ಹಟ್ಟಿಯ ಯಜಮಾನ ಪೆರಿಯಸಾಮಿ ಗೌಂಡರ್ ಹತ್ತಿರ ಹೋದರು. ಗೌಂಡರ್ ಅತ್ತೆಗೆ ವರಸೆಯಲ್ಲಿ ತಮ್ಮ, ಮುಂಗೋಪಿ. ಕ್ಯಾಮರಾ ಎಂದ ಕೂಡಲೇ ಆಗುವುದಿಲ್ಲ ಎಂದರು. ಮೂಗುದಾರ ಹಾಕದ ದನವನ್ನು ಕಾಗದದ ಮೇಲೆ ಹಿಡಿದು ಕಟ್ಟುವುದೂ ಕಟ್ಟಿದ ಹಾಗೇ ಎಂಬುದು ಅವರ ಲೆಕ್ಕ. ಇದು ಹಿಡಿದಿಡುವುದಿಲ್ಲ, ತೋರಿಸಿ ಬಿಟ್ಟುಬಿಡುತ್ತದೆ, ಇದು ಟೆಲಿವಿಷನ್ ಎಂದರು ನಮ್ಮವರು. ಆ ಹೆಸರನ್ನು ಗೌಂಡರ್ ಕೇಳಿರಲಿಲ್ಲ. ಚರ್ಮದ ತಿದಿ ಇರುವ ಯಾವುದೂ ಹಟ್ಟಿಯ ಹತ್ತಿರ ಬರಕೂಡದು, ಮಿಕ್ಕಿದ್ದನ್ನು ನೋಡಿ ಹೇಳುತ್ತೇನೆ ಎಂದರು.

ಹಾಗಾಗಿ ಕ್ಯಾಮರಾದ ಕಣ್ಣನ್ನು ಮಾತ್ರ ಬಿಚ್ಚಿಕೊಂಡರು. ಬೆಟ್ಟದ ಎಸ್ಟೇಟಿನಿಂದ ಬರುವ ಟೀ ಪೆಟ್ಟಿಗೆಯ ಹಲಗೆ ತಂದು, ಒಂದರೊಳಗೊಂದು ಜಾರುವಂತೆ ಎರಡು ಪೆಟ್ಟಿಗೆ ಮಾಡಿದರು. ಮುಂದೆ ಗಾಜುಗಣ್ಣು, ಒಳಗೆ ಓರೆಯಾಗಿ ಕ್ಷೌರದಂಗಡಿಯ ಕನ್ನಡಿ, ತಳಕ್ಕೆ ಮರಳಿನಿಂದ ಉಜ್ಜಿ ಮಬ್ಬು ಮಾಡಿದ ಗಾಜು. ಅದನ್ನು ಮಂಚದ ಮೇಲೆ ಬಿದಿರು ಕಾಲುಗಳಿಗೆ ಕಟ್ಟಿ, ಸುತ್ತಲೂ ಕಪ್ಪು ಬಟ್ಟೆ ಇಳಿಬಿಟ್ಟರೆ, ಕೆಳಗೆ ಮಲಗಿದವರು ನೇರ ಮೇಲೆ ನೋಡಿದರೆ ಸಾಕು. ಮೊದಲ ದಿನ ಚಿತ್ರದಲ್ಲಿ ನಾನು ತಲೆಕೆಳಗಾಗಿ ನಡೆದೆನಂತೆ, ಅತ್ತೆ ನಕ್ಕರು. ಎರಡು ತಿಂಗಳಲ್ಲಿ ಅದೇ ಮೊದಲ ನಗು. ನಾಲ್ಕು ದಿನ ತಿಣುಕಾಡಿ ಮಂಚವನ್ನು ಆ ಕಡೆ ಈ ಕಡೆ ತಿರುಗಿಸಿ, ಅತ್ತೆಯ ಪಾದ ಗಾಜುಗಣ್ಣಿನ ಕಡೆಗೆ ಬರುವಂತೆ ಇಟ್ಟಾಗ ಚಿತ್ರ ನೆಟ್ಟಗೆ ನಿಂತಿತು.

ಪೆರಿಯಸಾಮಿ ಗೌಂಡರ್ ಬಂದು ಪೆಟ್ಟಿಗೆಯೊಳಗೆ ಮೊಣಕೈವರೆಗೂ ಕೈ ಹಾಕಿ ತಡಕಾಡಿದರು. ತಿದಿಯಾಗಲಿ ಚರ್ಮವಾಗಲಿ ಸಿಗಲಿಲ್ಲ. ಆಮೇಲೆ ಬಟ್ಟೆಯೊಳಗೆ ತಲೆ ತೂರಿಸಿದರು. ಫೋಟೋ ಎಂದರೆ ಕಪ್ಪು ಬಿಳುಪು ಎಂದಷ್ಟೇ ಗೊತ್ತಿದ್ದ ಕಾಲ ಅದು. ಒಳಗೆ ನಮ್ಮ ಬೀದಿ ಬಣ್ಣಬಣ್ಣವಾಗಿ ಓಡಾಡುತ್ತಿತ್ತು, ಮುನಿಯಮ್ಮಾಳ್ ಒಣಹಾಕಿದ ಹಳದಿ ಸೀರೆ ಗಾಳಿಗೆ ಆಡುತ್ತಿತ್ತು. ಯಜಮಾನರು ಹೊರಗೆ ಬರಲು ಬಹಳ ಹೊತ್ತು ಹಿಡಿಯಿತು. ಬಂದವರು, ಇದು ಹಿಡಿದಿಡುವುದಿಲ್ಲ, ತರಬಹುದು ಎಂದರು.

ಮಾಟ್ಟುಪೊಂಗಲ್ ದಿನ ಮಂಚ ಹೊರಲು ನಾಲ್ಕು ಜನ ಬಂದು ನಿಂತಾಗ, ಬದುಕಿರುವವಳನ್ನು ನಾಲ್ವರು ಹೊರುವುದೇ ಎಂದು ಮುನಿಯಮ್ಮಾಳ್ ಕೆನ್ನೆಗೆ ಕೈಯಿಟ್ಟಳು. ಹಾಗಾದರೆ ಐದು ಜನ ಹೊರಲಿ ಎಂದರು ಅತ್ತೆ. ಐದನೆಯವನು ಸುಮ್ಮನೆ ಒಂದು ಬದಿ ಹಿಡಿದುಕೊಂಡು ಬಂದ.

ಬಯಲಿನ ಅಂಚಿನ ಬೇವಿನ ಕಟ್ಟೆಯ ಮೇಲೆ ಮಂಚ ಇಟ್ಟೆವು. ಹತ್ತು ಹೆಜ್ಜೆ ಮುಂದೆ ಹಿರಿಯರು ಕಬ್ಬು ಹಿಡಿದು ನಿಂತಿದ್ದರು. ಹಟ್ಟಿಯ ಬಾಗಿಲು ತೆರೆಯಿತು. ಹೋರಿಗಳು ಬಂದವು, ನಿಂತವು, ಮೂಸಿದವು. ನಮ್ಮವರು ಪೆಟ್ಟಿಗೆಯನ್ನು ಜಾರಿಸುತ್ತಾ ಚಿತ್ರ ಚೂಪು ಮಾಡುತ್ತಿದ್ದರು. ಕೊನೆಗೆ ಒಂದು ಕಪ್ಪು ಹೋರಿ ಯಾರನ್ನೂ ಲೆಕ್ಕಿಸದೆ ನೆಟ್ಟಗೆ ನಡೆದು ಬಂದು ಪೆರಿಯಸಾಮಿ ಗೌಂಡರ್ ಕೈಯ ಕಬ್ಬನ್ನು ಕಚ್ಚಿತು. ಬಲಗಿವಿ ಬೆಳ್ಳಗೆ ಹೊಳೆಯಿತು. ಬಯಲಿಗೆ ಬಯಲೇ ಕೂಗಿತು. ನಾನು ಬಟ್ಟೆ ಸರಿಸಿ, ಅತ್ತೆ, ನಮ್ಮದೇ ಎಂದೆ.

ಅತ್ತೆಯ ಮುಖದಲ್ಲಿ ಸಂತೋಷವಿರಲಿಲ್ಲ.

“ಪೊಯ್ ಹೇಳ್ಬ್ಯಾಡ, ಸುಳ್ಳು. ಎಡಗಿವಿ ಬಿಳಿ ಐತೆ. ಮುನಿಯಮ್ಮನ್ ಕರು ಅದು.”

ಆಣೆ ಇಟ್ಟೆ, ಕೇಳಲಿಲ್ಲ. ಮುನಿಯಮ್ಮಾಳೇ ಬಂದು, ನನ್ನದು ಹಿಂದೆ ನಿಂತು ಹುಲ್ಲು ಮೇಯುತ್ತಿದೆ, ನಿನ್ನದಕ್ಕೇ ಪಟ್ಟ ಎಂದಳು. ಪಾಪ, ಅವಳಿಗೂ ಹೊಟ್ಟೆಯೊಳಗೆ ಉರಿಯುತ್ತಿದ್ದಿರಬೇಕು, ಆದರೂ ಹೇಳಿದಳು. ನೋಡು, ಇವಳೂ ರೋಗಿಗೆ ಸಮಾಧಾನ ಹೇಳಲು ಬಂದಳು ಎಂದು ಅತ್ತೆ ಕಣ್ಣು ಮುಚ್ಚಿಕೊಂಡರು. ನಮ್ಮವರ ಮುಖ ನೋಡಲಾಗುತ್ತಿರಲಿಲ್ಲ. ಇಷ್ಟೆಲ್ಲ ಮಾಡಿ, ಅಮ್ಮನಿಗೆ ಸುಳ್ಳು ಹೇಳುವವರ ಸಾಲಿಗೆ ತನ್ನ ಪೆಟ್ಟಿಗೆಯನ್ನೂ ಸೇರಿಸಿದ ಹಾಗಾಯಿತಲ್ಲ ಎಂದು ಅವರಿಗೆ ಅನಿಸಿತ್ತೆಂದು ಆಮೇಲೆ ಹೇಳಿದರು.

ಬಯಲಿನಲ್ಲಿ ಹೋರಿಗೆ ಅರಿಶಿನ ಹಚ್ಚಿ, ಹಾರ ಹಾಕುತ್ತಿದ್ದರು, ಗೌಂಡರ್ ಉಳಿದ ಕಬ್ಬು ತಿನ್ನಿಸುತ್ತಿದ್ದರು. ಎಷ್ಟಾದರೂ ಆಸೆ ತಡೆಯಲಿಲ್ಲವೇನೋ, ಅತ್ತೆ ಮತ್ತೆ ಕಣ್ಣು ತೆರೆದು ಗಾಜು ನೋಡಿದರು. ಒಮ್ಮೆಲೇ ಮಲಗಿದಲ್ಲಿಂದಲೇ ಗುಡುಗಿದರು.

“ಲೇ ಪೆರಿಯಸಾಮಿ, ದೇವರ್ಗೆ ಎಡಗೈನಾಗ ಕೊಡ್ತೀಯಾ? ಬುದ್ಧಿ ಐತಾ ನಿಂಗೆ?”

ಡೋಲು ನಿಂತಿತು. ಯಜಮಾನರಿಗೆ ಊರೆದುರು ಇಂಥ ಮಾತನ್ನು ಯಾರೂ ಆಡಿರಲಿಲ್ಲ. ಕಬ್ಬನ್ನು ಹಿಡಿದ ಕೈಯನ್ನು ಅವರು ಮೇಲೆತ್ತಿ ಎಲ್ಲರಿಗೂ ತೋರಿಸಿದರು.

“ಅಕ್ಕಾ, ಬಲಗೈನಾಗ ತಾನೇ ಕೊಟ್ಟೆ. ಇಷ್ಟು ಜನ ನೋಡವ್ರೆ.”

ಇಲ್ಲ, ಎಡಗೈ, ಅರಿಶಿನ ಹಚ್ಚಿದವನೂ ಎಡಗೈ, ಹಾರ ಹಾಕಿದವನೂ ಎಡಗೈ, ಊರಿಗೇನು ಬಂತು ಎಂದು ಅತ್ತೆ ಬೈಯುತ್ತಾ ಹೋದವರು ನಡುವೆ ನಿಲ್ಲಿಸಿದರು. ಆಮೇಲೆ ನನ್ನನ್ನು ಕರೆದು, ಪೆಟ್ಟಿಗೆಯ ಮುಂದೆ ಹೋಗಿ ಹಚ್ಚೆ ಇರುವ ಕೈ ಎತ್ತು ಎಂದರು. ಎತ್ತಿದೆ.

“ಮುತ್ತು, ನಿನ್ ಹಚ್ಚೆ ಯಾವ್ ಕೈನಾಗ ಐತೆ?”

ಬಲಗೈ ಎಂದೆ. ನಮ್ಮವರು ಬಟ್ಟೆಯೊಳಗೆ ತಲೆ ತೂರಿಸಿ ನೋಡಿದರು, ಗಾಜಿನಲ್ಲಿ ನಾನು ಎತ್ತಿದ್ದು ಎಡಗೈ. ಇಷ್ಟು ವರ್ಷ ಕಪ್ಪು ಬಟ್ಟೆಯೊಳಗೆ ಲೋಕವನ್ನು ತಲೆಕೆಳಗಾಗಿ ನೋಡಿ ರೂಢಿಯಾದ ಮನುಷ್ಯ, ತಲೆ ಮೇಲೆ ಬರಲಿ ಎಂದು ಹೆಣಗಾಡಿದ್ದೇ ಆಯಿತು, ಎಡಬಲ ಅದಲುಬದಲಾಗುವುದನ್ನು ಮರೆತೇಬಿಟ್ಟಿದ್ದರು.

“ಹಂಗಾದ್ರೆ ನಂದೇ,” ಎಂದರು ಅತ್ತೆ, ಮೆಲ್ಲಗೆ. “ನನ್ ಕರುವೇ.”

ಯಾರೂ ಹೇಳಿದ್ದಲ್ಲ, ಅವರೇ ಕಂಡುಕೊಂಡದ್ದು. ಆ ದಿನ ಅವರು ಅತ್ತಷ್ಟು ನಾನೂ ಅತ್ತೆ. ಮುನಿಯಮ್ಮಾಳ್ ಬಟ್ಟೆಯೊಳಗೆ ಕೈ ತೂರಿಸಿ ಅವರ ಕಣ್ಣೀರು ಒರೆಸಿದಳು. ಪೆರಿಯಸಾಮಿ ಗೌಂಡರ್ ಮಾತ್ರ ಸಂಜೆಯವರೆಗೂ ಸಿಕ್ಕವರಿಗೆಲ್ಲ ಬಲಗೈ ತೋರಿಸುತ್ತಾ ತಿರುಗಿದರು.

ಆಮೇಲೆ ಆ ಪೆಟ್ಟಿಗೆಯನ್ನು ನೋಡಿ ಯಾರೂ ನಗಲಿಲ್ಲ, ಅದನ್ನು ಯಾರೂ ಕೊಳ್ಳಲೂ ಇಲ್ಲ. ಇನ್ನೊಂದು ಕನ್ನಡಿ ಹಾಕಿ ಎಡಬಲ ಸರಿಮಾಡುತ್ತೇನೆ ಎಂದು ನಮ್ಮವರು ಹೊರಟರು. ಬೇಡ, ನನಗೆ ಇದರ ಭಾಷೆ ಗೊತ್ತಾಗಿದೆ ಎಂದರು ಅತ್ತೆ. ಮಂಚ ಜಗಲಿಗೆ ಬಂತು. ದಿನವಿಡೀ ಬೀದಿ ನೋಡುತ್ತಾ, ಯಾರು ಯಾರ ಮನೆಗೆ ಹೋದರು ಎಂದು ನನಗೆ ವರದಿ ಒಪ್ಪಿಸುತ್ತಿದ್ದರು.

ಬೇಸಿಗೆಯ ಚಿತ್ತಿರೈ ತಿಂಗಳಲ್ಲಿ ವೈದ್ಯ ದಬ್ಬೆ ಬಿಚ್ಚಿದ. ಏಳುವ ದಿನ ಅತ್ತೆ ಒಂದು ಹಟ ಹಿಡಿದರು. ನಾನು ಮಂಚದ ಮೇಲೆ ಮಲಗಿ ಪೆಟ್ಟಿಗೆಯಲ್ಲೇ ನೋಡಬೇಕಂತೆ. ಸೊಸೆ ಮಲಗುವುದು, ಅತ್ತೆ ನಡೆಯುವುದು, ನೋಡಿದವರು ಏನಂದುಕೊಂಡಾರು ಎಂದು ಗೊಣಗುತ್ತಲೇ ಮಲಗಿದೆ. ಗಾಜಿನಲ್ಲಿ ಅಂಗೈಯಷ್ಟು ನಮ್ಮ ಅಂಗಳ, ಅದರಲ್ಲಿ ಬೆರಳಷ್ಟು ಅತ್ತೆ, ಮಗನ ಭುಜ ಹಿಡಿದು ನಿಂತಿದ್ದರು. ಭುಜ ಬಿಟ್ಟರು. ಮೊದಲ ಹೆಜ್ಜೆ ಇಟ್ಟರು. ಚಿತ್ರದಲ್ಲಿ ಮುಂದೆ ಬಂದದ್ದು ಎಡಗಾಲು.

ಯಾವ ಕಾಲು ಇಟ್ಟೆ ಹೇಳು ಎಂದು ಹೊರಗಿನಿಂದ ಕೂಗಿದರು. ಕಣ್ಣು ಮಂಜಾಗಿ ನನಗೆ ಗಾಜು ಕಾಣುತ್ತಿರಲಿಲ್ಲ.

“ಬಲಗಾಲೇ ಅತ್ತೆ,” ಎಂದೆ. “ಬನ್ನಿ.”