ಕಾಶವ್ವನ ಕಣ್ಣುಪಟ್ಟಿ

ಮರಾಠಿ ಸೀಮೆಯ ಬಿಬವೇವಾಡಿಯ ಕನ್ನಡ ಮಹಿಳಾ ಮಂಡಳಿಯಲ್ಲಿ ಪ್ರತಿ ಗುರುವಾರ ಮಧ್ಯಾಹ್ನ ಪುರಾಣ ಓದುತ್ತಾರೆ. ಓದು ಮುಗಿದ ಮೇಲೆ ಒಬ್ಬೊಬ್ಬರೂ ಒಂದೊಂದೇ ಮಾತು ಹೇಳಬೇಕೆಂಬ ಕಟ್ಟಳೆ. ಉಳಿದವರು "ಭಾಳ ಛಲೋ ಆತ್ರಿ" ಎಂದು ಮುಗಿಸಿ ಚುರುಮುರಿಯ ಕಡೆ ನೋಡುತ್ತಾರೆ. ಕಾಶವ್ವನ ಒಂದು ಮಾತು ಮಾತ್ರ ಚುರುಮುರಿ ಮೆತ್ತಗಾಗುವವರೆಗೆ ನಡೆಯುತ್ತದೆ.

ಗಾಂಧಾರಿ ಕಣ್ಣಿಗೆ ಪಟ್ಟಿ ಕಟ್ಟಿಕೊಂಡ ದಿನವೂ ಹಾಗೇ ಆಯಿತು. ಕುರುಡ ಗಂಡನಿಗೆ ಕಾಣದ ಲೋಕ ತನಗೂ ಬೇಡವೆಂದ ಮಹಾಸತಿಯನ್ನು ನೆನೆದು, ಓದುತ್ತಿದ್ದ ಚಂದಮ್ಮನವರು ಪುಸ್ತಕವನ್ನು ಕಣ್ಣಿಗೊತ್ತಿಕೊಂಡರು.

"ಶಾಣ್ಯಾತನ ಅಲ್ರಿ ಅದು," ಎಂದಳು ಕಾಶವ್ವ. "ಮನ್ಯಾಗ ಒಬ್ಬರಿಗೆ ಕಾಣಂಗಿಲ್ಲಂದ್ರ ಇನ್ನೊಬ್ಬರು ಎರಡರಷ್ಟು ನೋಡಬೇಕು. ನೂರು ಮಕ್ಕಳ್ರಿ! ಯಾವನು ಯಾವನಿಗೆ ಬಡಿಯಾಕತ್ಯಾನ ಅಂತ ನೋಡೋರು ಯಾರು?"

"ಕಾಶವ್ವಾ, ಆಕಿ ಪತಿವ್ರತಾ," ಎಂದರು ಚಂದಮ್ಮ.

"ನಾನೂ ಹೌದ್ರಿ. ಆದ್ರ ಕಣ್ಣು ಬಿಟ್ಕೊಂಡು!"

ಈ ಸಿಟ್ಟಿಗೆ ಪಾಪ ಗಾಂಧಾರಿ ಕಾರಣಳಲ್ಲ. ಕಾರಣ ಮನೆಯಲ್ಲಿ ಮಂಚದ ಮೇಲೆ ಕೂತಿದ್ದ. ಮಾರ್ಕೆಟ್ ಯಾರ್ಡಿನಲ್ಲಿ ನಲವತ್ತು ವರ್ಷ ಒಣಮೆಣಸಿನಕಾಯಿ ವ್ಯಾಪಾರ ಮಾಡಿದ ಅವಳ ಗಂಡ ಶಿವರುದ್ರಪ್ಪನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಇನ್ನೂ ತಡ ಮಾಡಿದರೆ ದೃಷ್ಟಿ ಪೂರ್ತಿ ಹೋಗಬಹುದು, ಮತ್ತೆ ಬಾರದು ಎಂದು ಡಾಕ್ಟರು ಹೇಳಿದ್ದರು. ಪೊರೆಗೆ ಅವರು ಮರಾಠಿಯಲ್ಲಿ ಮೋತಿಬಿಂದು ಎಂದದ್ದೇ ತಡ, "ಮೋತಿ ಅಂದ್ರ ಮುತ್ತು, ಇರಲಿ ಬಿಡು" ಎಂದು ಈ ಮಹಾರಾಯ ಎದ್ದು ಬಂದಿದ್ದ. ವಾಸನೆಯಿಂದಲೇ ಮೆಣಸಿನಕಾಯಿಯ ಊರು ಹೇಳುವ ಮೂಗು ತನಗಿದೆ, ಪೇಪರ್ ಓದಲು ಹೆಂಡತಿ ಇದ್ದಾಳೆ, ಇನ್ನೇನು ಬೇಕು? ಆಪರೇಶನ್ನಿನ ಮೊದಲ ತಾರೀಖು ಅಮಾವಾಸ್ಯೆಗೆ ಬಲಿಯಾಯಿತು, ಎರಡನೆಯದು ಹಲ್ಲಿ ಲೊಚಗುಟ್ಟಿದ್ದಕ್ಕೆ.

ಮೂರನೆಯದು ಶನಿವಾರಕ್ಕಿತ್ತು. ಶುಕ್ರವಾರ ಬೆಳಿಗ್ಗೆ ಅವನು, "ಮುಂದಿನ ತಿಂಗಳ ನೋಡೂಣು," ಎಂದ. ಮಗ ಸಂಜು ಮತ್ತು ಸೊಸೆ ಖರಾಡಿಯ ಆಫೀಸಿಗೆ ಹೊರಟ ಮೇಲೆ, ಕಾಶವ್ವ ಹಳೆಯ ಇಳಕಲ್ ಸೀರೆಯ ತುಂಡನ್ನು ಕಣ್ಣಿಗೆ ಬಿಗಿದು ಕಟ್ಟಿಕೊಂಡು ಗಂಡನ ಪಕ್ಕ ಕೂತಳು.

"ಚಹಾ ಎಲ್ಲಿ?"

"ನನಗೂ ಕಾಣವಲ್ದು. ಕಣ್ಣಿಗೆ ಪಟ್ಟಿ ಕಟ್ಟೇನಿ. ಇವತ್ತಿನಿಂದ ನಾ ಮಹಾಸತಿ."

ಅವನು ನಕ್ಕ. ಒಂದು ತಾಸು ಕಾದ. ಆಮೇಲೆ ಗೊಣಗುತ್ತ ತಾನೇ ಅಡುಗೆಮನೆಗೆ ಹೋದ. ಡಬ್ಬಿಗಳ ಸದ್ದಾಯಿತು, ಎರಡು ಬಿದ್ದವು, ಕೊನೆಗೆ ಚಹಾ ಬಂತು. ಒಂದು ಗುಟುಕು ಕುಡಿದ ಕಾಶವ್ವನ ಹಲ್ಲಿಗೆ ಏನೋ ಚಟಕ್ಕೆಂದು ಸಿಕ್ಕಿತು. ಚಹಾಪುಡಿಯ ಬದಲು ಸಾಸಿವೆ. ಊರನ್ನೆಲ್ಲ ಹೇಳುವ ಮೂಗಿಗೆ ಒಣ ಸಾಸಿವೆಯ ವಾಸನೆ ಎಲ್ಲಿಂದ ಬರಬೇಕು?

"ಒಗ್ಗರಣಿ ಚಲೋ ಆಗೇದ," ಎಂದಳು.

ಅವನು ಕಪ್ಪು ಇಡಲು ಒಳಗೆ ಹೋದ. ಆಗ ಅವಳಿಗೆ, ಇಷ್ಟು ದಿನ ಕಣ್ಣು ಬಿಟ್ಟುಕೊಂಡೂ ಗಮನಿಸದಿದ್ದದ್ದು ಕೇಳಿಸತೊಡಗಿತು. ಗೋಡೆ ಸವರುತ್ತ ಹೋಗುವ ಅಂಗೈ. ನಿಂತು, ಹೆಜ್ಜೆ ಅಳೆದು, ಮತ್ತೆ ನಿಲ್ಲುವ ಕಾಲು. ಮೊಣಕಾಲು ಸ್ಟೂಲಿಗೆ ಬಡಿದ ಸದ್ದು. "ಏನಾಗಿಲ್ಲ, ಏನಾಗಿಲ್ಲ," ಎಂದು ಅವನು ತನಗೆ ತಾನೇ ಸಣ್ಣ ದನಿಯಲ್ಲಿ ಹೇಳಿಕೊಂಡ. ತಾನು ಮಂಡಳಿಯಲ್ಲಿ ಗಾಂಧಾರಿಯನ್ನು ಬೈಯುತ್ತ ಕೂತಾಗಲೂ ಈ ಮನುಷ್ಯ ಹೀಗೇ ಓಡಾಡುತ್ತಿದ್ದನಲ್ಲ ಎಂದು ಅವಳಿಗೆ ಹೊಳೆದು, ಕಣ್ಣಿನ ಪಟ್ಟಿ ಒದ್ದೆಯಾಯಿತು.

ಅವನು ಬಂದು ಪಕ್ಕದಲ್ಲಿ ಕೂತ. "ಬಿಚ್ಚು ಅದನ್ನ. ನಾಳೆ ಹೋಗೂಣು. ಕಣ್ಣಿಗೆ ಚಾಕು ಹಚ್ಚತಾರಂದ್ರ ನನಗ ಹೆದರಿಕಿ ಆಗ್ತದ, ಅಷ್ಟ."

"ನನಗೂ ಆಗ್ತದ್ರಿ," ಎಂದಳು. ಆದರೂ ಪಟ್ಟಿಯನ್ನು ತಕ್ಷಣ ಬಿಚ್ಚಲಿಲ್ಲ.

ಶನಿವಾರ ಒಂದು ಕಣ್ಣಿನ ಆಪರೇಶನ್ ಆಯಿತು. ಮಾರನೆಯ ದಿನ ಪಟ್ಟಿ ತೆಗೆದಾಗ ಅವನು ಮೊದಲು ನೋಡಿದ್ದು ಕಾಶವ್ವನನ್ನು. "ಏನ ಇದು, ಇಷ್ಟು ಮುದುಕಿ ಯಾವಾಗ ಆದಿ?" ಎಂದ. ಅವಳಿಗೆ ಎಲ್ಲಿಲ್ಲದ ಖುಷಿಯಾಯಿತು.

ಮುಂದಿನ ಗುರುವಾರ ಚಂದಮ್ಮನವರು ಓದು ಮುಗಿಸಿ, ಚುರುಮುರಿಯ ಪಾತ್ರೆಯನ್ನು ಹುಷಾರಾಗಿ ಮುಚ್ಚಿಟ್ಟು, "ಹೇಳವಾ ಕಾಶವ್ವಾ," ಎಂದರು.

"ಗಾಂಧಾರಿಗೆ ಭಾಳ ಬೈದಿದ್ದೆ, ತಪ್ಪಾತ್ರಿ," ಎಂದಳು ಅವಳು. "ಆಕಿ ಅಳೋದು ಗಂಡಗಂತೂ ಕಾಣತಿದ್ದಿಲ್ಲ. ಉಳದವರಿಗೂ ಕಾಣಬಾರದಂತ ಪಟ್ಟಿ ಕಟ್ಕೊಂಡಿರಬೇಕು."

ಅವಳ ಮಾತು ಅಷ್ಟಕ್ಕೇ ಮುಗಿಯಿತು. ಚುರುಮುರಿ ಇನ್ನೂ ಗರಿಗರಿಯಾಗಿತ್ತು. ಯಾರೂ ಅದಕ್ಕೆ ಕೈ ಹಾಕಲಿಲ್ಲ.